ಮೂವತ್ತೊಂದನೆಯ ಕ್ಯಾಸೆಟ್

ಮೂವತ್ತೊಂದು ಇರಲಿಲ್ಲ.

ಪ್ರಹ್ಲಾದ ಕ್ಯಾಸೆಟ್ಟುಗಳನ್ನೆಲ್ಲ ಮತ್ತೊಮ್ಮೆ ನೆಲದ ಮೇಲೆ ಸಾಲಾಗಿ ಜೋಡಿಸಿದ. ಒಂದರಿಂದ ಮೂವತ್ತರವರೆಗೆ ಎಲ್ಲವೂ ಇದ್ದವು. ಪ್ರತಿಯೊಂದಕ್ಕೂ ಅಪ್ಪನ ಕೈಬರಹದ ಚೀಟಿ ಅಂಟಿತ್ತು. ಆದರೆ ಡಬ್ಬದ ತಳಕ್ಕೆ ಹಾಸಿದ್ದ ಹಳೆಯ ಪತ್ರಿಕೆಯ ಕೆಳಗೆ ಇವತ್ತು ಬೆಳಿಗ್ಗೆ ಒಂದು ಹಾಳೆ ಸಿಕ್ಕಿತ್ತು. ಅದರಲ್ಲಿದ್ದ ಪಟ್ಟಿ ಅರವತ್ತರವರೆಗೆ ಹೋಗಿತ್ತು.

ಮೂವತ್ತರ ಮುಂದೆ ‘ಇಟಲಿ. ಗಂಡಸು. ಗಟ್ಟಿಯಾಗಿ ಅಳುತ್ತಾನೆ’ ಎಂದು ಬರೆದಿತ್ತು. ಮೂವತ್ತೆರಡರ ಮುಂದೆ ‘ಬರೀ ವಾದ್ಯ. ಮಧ್ಯೆ ಕರೆಂಟು ಹೋಯಿತು.’ ಇವೆರಡರ ನಡುವೆ, ಮೂವತ್ತೊಂದರ ಮುಂದೆ, ಒಂದೇ ಪದ: ‘ಪ್ರಹ್ಲಾದನಿಗೆ.’

ಅವನು ಆ ಪದವನ್ನು ಓದಿದ. ಇನ್ನೊಮ್ಮೆ ಓದಿದ. ತಾನೊಬ್ಬ ಇಂಗ್ಲಿಷ್ ಅಧ್ಯಾಪಕ, ಮುಳಬಾಗಿಲಿನ ಪಿಯು ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಪದಗಳಿಗೆ ಅರ್ಥ ಹೇಳುತ್ತಾ ಬಂದವನು, ಆದರೂ ಈ ಪದದಿಂದ ಇನ್ನೇನೂ ಹೊರಡುತ್ತಿಲ್ಲವಲ್ಲ ಎಂದು ಅವನಿಗೆ ಕಸಿವಿಸಿಯಾಯಿತು.

ಹದಿನೈದು ದಿನದ ಹಿಂದೆ ಹಿತ್ತಾಳೆ ಹಂಡೆ ಇಳಿಸಲು ಅಟ್ಟ ಹತ್ತಿದಾಗ ಈ ಡಬ್ಬ ಸಿಕ್ಕಿತ್ತು. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿ ದುಡಿದ ಮನುಷ್ಯ. ವಾರವೆಲ್ಲ ಅಲ್ಲೇ ಬಾಡಿಗೆ ಕೋಣೆ, ಶನಿವಾರ ಸಂಜೆ ಮನೆ. ಈ ಮನೆಯಲ್ಲಿ ಸಂಗೀತವೆಂದರೆ ಏಕಾದಶಿಯ ದಿನ ಅಮ್ಮ ಹೇಳಿಕೊಳ್ಳುವ ನಾಲ್ಕು ದೇವರನಾಮ. ಸಿನಿಮಾ ಹಾಡು ಕೇಳಿಸಿದರೆ ಅಪ್ಪ ಎದ್ದು ಹೋಗಿ ಕಿಟಕಿ ಹಾಕುತ್ತಿದ್ದರು. ಅಂಥವರ ಡಬ್ಬದಲ್ಲಿ ಮೂವತ್ತು ಕ್ಯಾಸೆಟ್ಟಿನ ತುಂಬ ದೂರದ ಯಾವುದೋ ರೇಡಿಯೋ ಸ್ಟೇಷನ್ನಿನಿಂದ ಹಿಡಿದ ಇಟಲಿಯವರು, ಜರ್ಮನಿಯವರು, ಫ್ರೆಂಚ್ ಹೆಂಗಸರು.

ಅಪ್ಪನಿಗೆ ಒಪೆರಾ ಎಂಬ ಪದ ಗೊತ್ತಿರಲಿಲ್ಲ. ಚೀಟಿಗಳಲ್ಲಿ ಅದನ್ನು ‘ದೊಡ್ಡ ಹಾಡು’ ಎಂದು ಬರೆದಿದ್ದರು. ‘ದೊಡ್ಡ ಹಾಡು. ಹೆಂಗಸು ಸಾಯುತ್ತಾಳೆ, ಬಹಳ ಹೊತ್ತು.’ ಪ್ರಹ್ಲಾದನಿಗೆ ಆ ಪದ ಚೆನ್ನಾಗಿ ಗೊತ್ತಿತ್ತು. ದ್ವಿತೀಯ ವರ್ಷದ ಪಾಠವೊಂದರಲ್ಲಿ ಅದು ಬರುತ್ತದೆ. ಪ್ರತಿ ವರ್ಷ ಬೋರ್ಡಿನ ಮೇಲೆ ‘ಒಪೆರಾ: ಪಾಶ್ಚಾತ್ಯ ಸಂಗೀತ ನಾಟಕ’ ಎಂದು ಬರೆದು, ಎರಡು ಅಂಕಕ್ಕೆ ಬರಬಹುದು ಎಂದು ಹೇಳುತ್ತಿದ್ದ. ಒಂದೇ ಒಂದು ಸಾಲನ್ನೂ ಕೇಳಿರಲಿಲ್ಲ.

ಅಪ್ಪನ ಹಳೆಯ ಟೇಪ್ ರೆಕಾರ್ಡರನ್ನು ಕೋಲಾರಕ್ಕೆ ಹೊತ್ತುಕೊಂಡು ಹೋಗಿ ರಿಪೇರಿ ಮಾಡಿಸಿ, ಹದಿನೈದು ದಿನದಿಂದ ಬಾಗಿಲು ಹಾಕಿಕೊಂಡು ಕೇಳುತ್ತಿದ್ದ. ಹೆಚ್ಚಿನದರಲ್ಲಿ ಅವನಿಗೆ ಏನೂ ಆಗಲಿಲ್ಲ. ಆಗಬೇಕಿತ್ತು ಎಂದು ಮಾತ್ರ ಅನ್ನಿಸುತ್ತಿತ್ತು. ಹನ್ನೆರಡನೆಯದರ ಮೇಲೆ ‘ಫ್ರೆಂಚ್ ಇರಬೇಕು. ಹೆಂಗಸು. ಊಟಕ್ಕೆ ಮೊದಲು ಕೇಳುವುದು’ ಎಂದಿತ್ತು. ಮಾತ್ರೆ ನುಂಗುವವನ ಹಾಗೆ ಊಟಕ್ಕೆ ಮೊದಲೇ ಕೇಳಿದ. ಹೊಟ್ಟೆಯಲ್ಲಿ ಏನೋ ಕದಲಿದಂತಾಯಿತು. ಕದಲಿತಲ್ಲ ಎಂದು ಗಮನಿಸಿದ ಕೂಡಲೇ ನಿಂತುಹೋಯಿತು.

ಅವನು ಮತ್ತೆ ಮತ್ತೆ ಹಾಕಿದ್ದು ಒಂಬತ್ತನೆಯದನ್ನು. ಅದರಲ್ಲಿ ಪಿಟೀಲಿನ ನಡುವೆ ಯಾರೋ ಕೆಮ್ಮುತ್ತಾರೆ. ರೇಡಿಯೋದ ಮುಂದೆ ರೆಕಾರ್ಡರ್ ಇಟ್ಟುಕೊಂಡು ಚಾಪೆಯ ಮೇಲೆ ಕೂತ ಅಪ್ಪನ ಕೆಮ್ಮು. ಅಪ್ಪನ ದನಿಯೆಂದು ಈ ಲೋಕದಲ್ಲಿ ಉಳಿದಿದ್ದು ಅಷ್ಟೇ. ಬದುಕಿದ್ದಾಗಲೂ ಅವರಿಬ್ಬರ ನಡುವೆ ಅದಕ್ಕಿಂತ ಹೆಚ್ಚಿನ ಮಾತೇನೂ ಇರಲಿಲ್ಲ. ಬಸ್ಸು ಸಿಕ್ಕಿತಾ? ಸಿಕ್ಕಿತು. ಆಸ್ಪತ್ರೆಯಲ್ಲಿ ಕೊನೆಯ ದಿನ ಅಪ್ಪ ಕಣ್ಣು ಬಿಟ್ಟು ಅವನನ್ನೇ ನೋಡಿ, “ಮೋಟರ್ ಆಫ್ ಮಾಡಿದ್ದೀಯಾ?” ಎಂದಿದ್ದರು. ಮಾಡಿದ್ದೀನಿ ಎಂದಿದ್ದ. ಮಾಡಿರಲಿಲ್ಲ. ಮನೆಗೆ ಬಂದಾಗ ತೊಟ್ಟಿ ತುಂಬಿ ಅಂಗಳವೆಲ್ಲ ನೀರಾಗಿತ್ತು.

ಈಗ ಮೂವತ್ತೊಂದು ಬೇಕಿತ್ತು. ಅದರಲ್ಲಿ ಅಪ್ಪ ಏನಾದರೂ ಹೇಳಿರಬಹುದು. ಹೇಳದೆ ಒಂದು ಹಾಡನ್ನೇ ಇಟ್ಟಿದ್ದರೂ ಸರಿ, ತನಗೆಂದು ಆರಿಸಿದ್ದು. ನಲವತ್ತೇಳು ವರ್ಷದ ಗಂಡಸಿಗೆ ಇದೊಂದು ಆಸೆಯೇ ಎಂದು ನಾಚಿಕೆಯಾದರೂ ಆಸೆ ಕಡಿಮೆಯಾಗಲಿಲ್ಲ.

ಅಡುಗೆಮನೆಯಲ್ಲಿ ಅಮ್ಮ, ತಿರುಮಲಮ್ಮ, ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು.

“ಅಮ್ಮ, ಇನ್ನೊಂದು ಡಬ್ಬ ಎಲ್ಲಿ?”

“ಯಾವ ಡಬ್ಬ?”

“ಕ್ಯಾಸೆಟ್‌ದು. ಎರಡನೇದು.”

“ಅದಾ? ಆಂಜಿನಪ್ಪನಿಗೆ ಕೊಟ್ಟೆ ಕಣೋ. ಬೇಸಿಗೇಲಿ ಸುಣ್ಣ ಹೊಡಿಸಿದಾಗ ಸಿಕ್ತು.”

ಆಂಜಿನಪ್ಪ ರಾಯಲ್ಪಾಡಿನ ಹತ್ತಿರ ಇವರ ಒಂದೂವರೆ ಎಕರೆಯನ್ನು ಪಾಲಿಗೆ ಮಾಡುತ್ತಿದ್ದವನು.

“ಅವನಿಗ್ಯಾಕೆ?”

“ಗುಜರಿಗೆ ಹಾಕೋಕೆ ಮನಸ್ಸು ಬರಲಿಲ್ಲ. ನಿಮ್ಮಪ್ಪ ಮುಟ್ಟಿದ್ದು. ಹೊಲಕ್ಕೆ ಗಿಣಿ ಬೀಳ್ತವೆ ಅಂತಿದ್ದ, ತಗೊಂಡ್ಹೋಗಪ್ಪ ಅಂದೆ.”

“ಗಿಣಿಗೂ ಕ್ಯಾಸೆಟ್ಟಿಗೂ ಏನು ಸಂಬಂಧ?”

“ರೀಲು ಎಳೆದು ಹೊಲದ ಮೇಲೆ ಕಟ್ತಾರಂತೆ. ಗಾಳಿಗೆ ಗುಂಯ್ ಅನ್ನುತ್ತಂತೆ. ಬಿಸಿಲಿಗೆ ಮಿಂಚುತ್ತಂತೆ. ಗಿಣಿ ಹೆದರುತ್ತವಂತೆ.”

ಪ್ರಹ್ಲಾದ ಬಾಗಿಲ ಚೌಕಟ್ಟು ಹಿಡಿದು ನಿಂತ. “ಅಪ್ಪ ಇದನ್ನೆಲ್ಲ ಕೇಳ್ತಿದ್ರು ಅಂತ ನಿನಗೆ ಗೊತ್ತಿತ್ತಾ?”

“ಮಾಲೂರಲ್ಲಿ ಒಬ್ಬರೇ ಏನು ಮಾಡ್ತೀರಿ ಅಂದ್ರೆ ನಿದ್ದೆ ಮಾಡ್ತೀನಿ ಅನ್ನೋರು.” ಅಮ್ಮ ಒಂದು ಕಾಯಿಯನ್ನು ಮುರಿದು ನೋಡಿ ಬಲಿತಿದೆಯೆಂದು ಪಕ್ಕಕ್ಕೆ ಹಾಕಿದರು. “ನಾನು ನಂಬಿದ್ದೆ.”

ಅವನು ಟೇಪ್ ರೆಕಾರ್ಡರನ್ನು ಎತ್ತಿಕೊಂಡು ಹೊರಗೆ ಬಂದ. ಹೆಂಡತಿ ಮೇಧಾ ರೇಷ್ಮೆ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೋಲಾರದಲ್ಲಿ ಅವಳ ಅಕ್ಕನ ಮನೆಯಲ್ಲಿ ಮಧ್ಯಾಹ್ನದ ಊಟವಿತ್ತು.

“ಎಲ್ಲಿಗ್ರೀ?”

“ರಾಯಲ್ಪಾಡಿಗೆ. ಹೊಲದ ಕಡೆ.”

“ಅದನ್ನೆತ್ಕೊಂಡಾ?”

“ಕೆಲಸ ಇದೆ.”

“ಊಟಕ್ಕೆ ಬರ್ತೀರಾ?”

“ನೋಡ್ತೀನಿ.”

ಮೇಧಾ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. “ನಿಮ್ಮಪ್ಪನೂ ಹೀಗೇ ಅಂತಿದ್ರು. ನೋಡ್ತೀನಿ ಅಂದ್ರೆ ಬರಲ್ಲ ಅಂತ ಅರ್ಥ,” ಎಂದು ಒಳಗೆ ಹೋದಳು.

ರೆಕಾರ್ಡರನ್ನು ಕಾರಿನ ಮುಂದಿನ ಸೀಟಿನ ಮೇಲಿಟ್ಟ. ಕಾರು ಹೊರಟ ಕೂಡಲೇ ಟೀಂ ಟೀಂ ಎಂದು ಬಡಿದುಕೊಳ್ಳತೊಡಗಿತು. ಸೀಟಿನ ಮೇಲೆ ಭಾರವಿದ್ದದ್ದರಿಂದ ಅದು ಯಾರೋ ಕೂತಿದ್ದಾರೆಂದು ತಿಳಿದಿತ್ತು. ಬಸ್ ನಿಲ್ದಾಣದವರೆಗೂ ತಡೆದುಕೊಂಡು, ಕೊನೆಗೆ ಪಕ್ಕಕ್ಕೆ ನಿಲ್ಲಿಸಿ ರೆಕಾರ್ಡರಿಗೆ ಬೆಲ್ಟ್ ಹಾಕಿದ. ಸದ್ದು ನಿಂತಿತು.

ಶ್ರೀನಿವಾಸಪುರದವರೆಗೂ ಮಾವಿನ ತೋಪುಗಳು. ಹಣ್ಣಿನ ಕಾಲ ಮುಗಿದು ಮರಗಳನ್ನು ಕೇಳುವವರಿರಲಿಲ್ಲ. ಮುಂದೆ ಒಂದು ಟೊಮೆಟೊ ಲಾರಿ ರಸ್ತೆಯನ್ನೆಲ್ಲ ತನ್ನದು ಮಾಡಿಕೊಂಡು ಹೋಗುತ್ತಿತ್ತು. ಅದರ ಹಿಂದೆ ನಿಧಾನವಾಗಿ ಹೋಗುತ್ತಾ ಪ್ರಹ್ಲಾದನಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಸತ್ತು ಮೂರು ವರ್ಷವಾದ ಮೇಲೆ ಬಂದ ಮೊದಲ ಸಿಟ್ಟು. ಆಸಾಮಿ ಇಪ್ಪತ್ತೆಂಟು ವರ್ಷ ಒಬ್ಬನೇ ಕೂತು ಕೇಳಿದ್ದಾನೆ! ಹೆಂಗಸರು ಹಾಡಿದ್ದನ್ನು, ಗಂಡಸರು ಅತ್ತಿದ್ದನ್ನು, ಎಲ್ಲವನ್ನೂ ಕೇಳಿ, ಶನಿವಾರ ಬಂದು ಕಾಲು ತೊಳೆದು, ಬಸ್ಸು ಸಿಕ್ಕಿತಾ ಎಂದಿದ್ದಾನೆ. ಮಗ ಮನೆಯಲ್ಲಿ ಇದ್ದನಲ್ಲ. ಒಂದು ದಿನ ಕರೆದು ಕೂರಿಸಿಕೊಂಡಿದ್ದರೆ ಗಂಟೇನು ಹೋಗುತ್ತಿತ್ತು?

ಅವನು ಪಕ್ಕದ ಸೀಟಿನ ಕಡೆ ನೋಡಲಿಲ್ಲ.

ರಾಯಲ್ಪಾಡು ಇನ್ನೂ ಎರಡು ಮೈಲಿ ಇರುವಾಗ ಮಣ್ಣಿನ ದಾರಿಗೆ ತಿರುಗಿ ಕಾರು ನಿಲ್ಲಿಸಿ ಇಳಿದ. ಆಷಾಢದ ಗಾಳಿ ಪಂಚೆ ಕಿತ್ತುಕೊಂಡು ಹೋಗುವಂತೆ ಬೀಸುತ್ತಿತ್ತು. ಹೊಲ ಕಾಣುವುದಕ್ಕೆ ಮೊದಲೇ ಅದು ಕೇಳಿಸಿತು. ಒಂದೇ ಸಮನೆ, ಏರದೆ ಇಳಿಯದೆ, ಮುಚ್ಚಿದ ಬಾಯಿಯಿಂದ ಯಾರೋ ರಾಗ ಎಳೆದಂಥ ಸದ್ದು.

ಸೂರ್ಯಕಾಂತಿ ಎದೆಯೆತ್ತರಕ್ಕೆ ಬಂದು, ಕಾಳು ಕಟ್ಟಿ, ಬೈಸಿಕೊಂಡ ಮಕ್ಕಳ ಹಾಗೆ ತಲೆ ತಗ್ಗಿಸಿ ನಿಂತಿತ್ತು. ಅದರ ಮೇಲೆ ಈ ಬದುವಿನಿಂದ ಆ ಬದುವಿಗೆ, ಗೂಟದಿಂದ ಗೂಟಕ್ಕೆ, ಕಂದು ಬಣ್ಣದ ಟೇಪು. ಮೂವತ್ತು ಸಾಲು. ಗಾಳಿಗೆ ಹೊರಳಿ ಹೊರಳಿ ಬಿಸಿಲಲ್ಲಿ ಮಿಂಚುತ್ತಿತ್ತು. ಒಂದೇ ಒಂದು ಗಿಣಿ ಹೊಲದಲ್ಲಿರಲಿಲ್ಲ. ಎಲ್ಲವೂ ಆಚೆಯ ನೀಲಗಿರಿ ತೋಪಿನಲ್ಲಿ ಕೂತು ಕಿರುಚುತ್ತಿದ್ದವು.

ಆಂಜಿನಪ್ಪ ಟವೆಲು ಕೊಡವುತ್ತಾ ಓಡಿ ಬಂದ. “ಬನ್ನಿ ಸಾಮಿ, ಫೋನೂ ಮಾಡ್ದೆ ಬಂದ್ಬುಟ್ರಲ್ಲ! ಮಜ್ಜಿಗೆ ತರಿಸ್ಲಾ?”

“ಬೇಡ. ಅಮ್ಮ ಕೊಟ್ಟ ಕ್ಯಾಸೆಟ್ಟು…”

“ಅಯ್ಯೋ, ಅದ್ನ ಏನು ಕೇಳ್ತೀರಿ!” ಆಂಜಿನಪ್ಪನ ಮುಖ ಅರಳಿತು. “ಪುಣ್ಯ ಕಟ್ಕೊಂಡ್ರು ಸಾಮಿ ಅಮ್ಮನೋರು. ಹೋದ್ಸಲ ಅರ್ಧಕ್ಕರ್ಧ ಗಿಣಿ ಪಾಲು. ಈ ಸಲ ನೋಡಿ, ಒಂದು ಹೂವು ಮುಟ್ಟಿಲ್ಲ. ಅಂಗಡೀಲಿ ಮಾರೋ ರಿಬ್ಬನ್ನು ಇಷ್ಟು ಕೂಗಲ್ಲ. ದೊಡ್ಡ ಸಾಮಿ ಇಟ್ಟಿದ್ದು ಗಟ್ಟಿ ಮಾಲು.”

“ಖಾಲಿ ಡಬ್ಬಿಗಳು ಇವೆಯಾ?”

ಇದ್ದವು. ಹೊಂಗೆಮರದ ಕೆಳಗೆ ಟೊಮೆಟೊ ಕ್ರೇಟಿನಲ್ಲಿ ತುಂಬಿಟ್ಟಿದ್ದ. ಪ್ರಹ್ಲಾದ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ತಿರುಗಿಸಿ ನೋಡಿದ. ಒಂದರ ಮೇಲೂ ಚೀಟಿಯಿರಲಿಲ್ಲ. ಹರಿದ ಗುರುತೂ ಇಲ್ಲ, ಅಂಟಿನ ಕಲೆಯೂ ಇಲ್ಲ. ತೊಳೆದಿಟ್ಟ ಹಾಗಿದ್ದವು.

“ಚೀಟಿ ಕಿತ್ತಿದ್ದು ಯಾರು?”

“ಕೊಟ್ಟಾಗ್ಲೇ ಇರ್ಲಿಲ್ಲ ಸಾಮಿ. ಹಿಂಗೇ ಇದ್ವು.”

ಅವನು ಮನೆಗೆ ಫೋನ್ ಮಾಡಿದ. ಗಾಳಿಗೆ ಬೆನ್ನು ಕೊಟ್ಟು, ಇನ್ನೊಂದು ಕಿವಿ ಮುಚ್ಚಿಕೊಂಡು ಕೇಳಿದ.

“ಅಕ್ಷರ ಕಣೋ,” ಅಂದರು ತಿರುಮಲಮ್ಮ. “ಸರಸ್ವತಿ. ಹೊಲದಲ್ಲಿ ಬಿದ್ದು ಯಾರ ಕಾಲಿಗಾದ್ರೂ ಸಿಕ್ಕಿದ್ರೆ? ಅದೂ ನಿಮ್ಮಪ್ಪನ ಕೈಬರಹ. ಬಕೆಟ್ಟಲ್ಲಿ ನೆನೆಸಿ ಒಂದೊಂದೇ ಬಿಡಿಸಿದೆ. ಅರ್ಧ ದಿನ ಹಿಡೀತು.”

“ಆ ಚೀಟಿಗಳು?”

“ತುಳಸಿ ಬುಡಕ್ಕೆ ಹಾಕಿದೆ. ಇನ್ನೆಲ್ಲಿ ಹಾಕಲಿ?”

“ಒಂದರ ಮೇಲೆ ನನ್ನ ಹೆಸರಿತ್ತಾ?”

ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು.

“ಕನ್ನಡಕ ಹಾಕಿರಲಿಲ್ಲ ಕಣೋ,” ಎಂದರು ಅಮ್ಮ.

ಪ್ರಹ್ಲಾದ ಫೋನನ್ನು ಜೇಬಿಗಿಟ್ಟ. ಮೂವತ್ತರಲ್ಲಿ ಒಂದು ತನ್ನದು. ಯಾವುದೆಂದು ಹೇಳಬಲ್ಲ ಮೂವರಲ್ಲಿ ಒಬ್ಬರು ಸತ್ತಿದ್ದರು, ಒಬ್ಬರು ಕನ್ನಡಕ ಹಾಕಿರಲಿಲ್ಲ, ಇನ್ನೊಬ್ಬ ಆಂಜಿನಪ್ಪ.

“ಯಾವ ಡಬ್ಬೀದು ಯಾವ ಸಾಲು ಅಂತ ನೆನಪಿದೆಯಾ?”

ಆಂಜಿನಪ್ಪ ನಕ್ಕ. ಆಮೇಲೆ, ಸಾಮಿ ನಗುತ್ತಿಲ್ಲವೆಂದು ಕಂಡು ನಿಲ್ಲಿಸಿದ. “ಏನಿತ್ತು ಸಾಮಿ ಅದ್ರಲ್ಲಿ?”

“ಹಾಡು.”

“ದೇವರದಾ?”

“ಅಲ್ಲ. ಹೊರದೇಶದ್ದು.”

“ದೊಡ್ಡ ಸಾಮೀನಾ?” ಆಂಜಿನಪ್ಪ ಹೊಲದ ಕಡೆ ತಿರುಗಿ, ಮೊದಲ ಸಲ ನೋಡುತ್ತಿರುವವನ ಹಾಗೆ ನೋಡಿದ. ಆಮೇಲೆ ತಲೆ ಕೊಡವಿದ. ಅವನಿಗೆ ಅದು ಹಿಡಿಸಿದಂತೆ ಕಾಣಲಿಲ್ಲ.

ಪ್ರಹ್ಲಾದ ಬದುವಿನ ಮೇಲೆ ಹೊರಟ. ಒಂದೊಂದು ಗೂಟದ ಬಳಿಯೂ ಬಗ್ಗಿ ಟೇಪಿಗೆ ಕಿವಿ ಕೊಟ್ಟ. ಬಿಗಿಯಾಗಿ ಕಟ್ಟಿದ್ದು ಸಣ್ಣಗೆ ಕೂಗುತ್ತಿತ್ತು, ಸಡಿಲ ಕಟ್ಟಿದ್ದು ದಪ್ಪಗೆ. ಇಟಲಿಯ ಗಂಡಸಿಗೂ ಫ್ರೆಂಚ್ ಹೆಂಗಸಿಗೂ ಅಷ್ಟೇ ವ್ಯತ್ಯಾಸ ಉಳಿದಿತ್ತು, ಅದೂ ಆಂಜಿನಪ್ಪನ ಗಂಟಿನ ಮೇಲೆ ಹೋಗುವಂಥದ್ದು. ಹನ್ನೊಂದನೆಯ ಗೂಟದ ಹತ್ತಿರ ಒಂದು ಕೆಮ್ಮು ಕೇಳಿಸಿ ಅವನು ಕಿವಿಯನ್ನು ಟೇಪಿಗೆ ಇನ್ನೂ ಹತ್ತಿರ ತಂದ.

ಕೆಮ್ಮಿದ್ದು ದೊಡ್ಡಗಂಗಮ್ಮ, ಆಂಜಿನಪ್ಪನ ತಾಯಿ. ಬದುವಿನ ಆಚೆಯ ಇನ್ನೊಂದು ಹೊಂಗೆಯ ನೆರಳಲ್ಲಿ ಮಂಚದ ಮೇಲೆ ಮಲಗಿದ್ದಳು. ಕಣ್ಣು ಕಾಣಿಸುತ್ತಿರಲಿಲ್ಲ.

“ಎವರ್ರಾ ಅದಿ?”

“ಮುಳಬಾಗಿಲು ಸಾಮಿ ಅಮ್ಮಾ. ದೊಡ್ಡ ಸಾಮಿ ಮಗ,” ಅಂದ ಆಂಜಿನಪ್ಪ.

ಮುದುಕಿ ಕೈ ಚಾಚಿದಳು. ಅವಳ ತಲೆದೆಸೆಯ ಗೂಟದಿಂದ ಹೊರಟ ಟೇಪನ್ನು ತೋರಿಸುತ್ತಿದ್ದಳು. “ಏಡುಸ್ತುಂದಿ ನಾಯನಾ ಅದಿ,” ಅಂದಳು. ಅಳುತ್ತದಪ್ಪಾ ಅದು. ಬೇರೆಯವೆಲ್ಲ ಸುಮ್ಮನೆ ಕೂಗುತ್ತವೆ, ಇದೊಂದು ಮಾತ್ರ ಅಳುತ್ತದೆ, ಹಗಲೆಲ್ಲ ಕೇಳುತ್ತಾ ಮಲಗಿರುತ್ತೇನೆ ಎಂದು ತೆಲುಗಿನಲ್ಲೇ ಹೇಳಿದಳು.

“ಅವಳ ಮಾತು ಬಿಡಿ ಸಾಮಿ.”

ಪ್ರಹ್ಲಾದ ಬಿಡಲಿಲ್ಲ. ಒಂದನ್ನು ಆರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ಅವನಿಗೆ ಹೊಳೆಯಲಿಲ್ಲ. “ಇದನ್ನು ಬಿಚ್ಚಿಕೊಡು,” ಅಂದ.

“ಇನ್ನ ಹತ್ತೇ ದಿನ ಸಾಮಿ. ಕಟಾವು ಆಗ್ಲಿ. ಎಲ್ಲಾನೂ ಸುತ್ತಿ ನಾನೇ ಮನೆಗೆ ತಂದ್ಕೊಡ್ತೀನಿ.”

“ಹತ್ತು ದಿನದ ಬಿಸಿಲಿಗೆ ಏನೂ ಉಳಿಯಲ್ಲ. ಇವತ್ತೇ ಬೇಕು.”

“ಗಿಣಿ ಬೀಳ್ತವೆ.”

“ಒಂದೇ ಸಾಲು ಆಂಜಿನಪ್ಪ.”

“ಅವಕ್ಕೆ ಒಂದು ಸಾಲು ಸಾಕು ಸಾಮಿ. ಒಂದು ಕಡೆ ಹೆದ್ರಿಕೆ ಹೋಯ್ತು ಅಂದ್ರೆ ಎಲ್ಲಾ ಕಡೆ ಹೋಯ್ತು.” ಟವೆಲನ್ನು ಹೆಗಲಿಗೆ ಹಾಕಿಕೊಂಡು, “ನಿಮ್ಮ ಹೊಲ,” ಅಂದ. ಹಾಗೆ ಅಂದದ್ದು ಕೇಳಿ ಪ್ರಹ್ಲಾದನಿಗೆ ಅದು ತನ್ನ ಹೊಲ ಅನ್ನಿಸಲಿಲ್ಲ.

ಆದರೂ ಪ್ರಹ್ಲಾದ ಗಂಟು ಬಿಚ್ಚಿದ. ಆಂಜಿನಪ್ಪ ಬೇಡವೆಂದರೂ ತಾನೇ ಕ್ರೇಟಿನಿಂದ ಒಂದು ಖಾಲಿ ಡಬ್ಬಿ ತಂದು, ಟೇಪಿನ ತುದಿಯನ್ನು ಅದರೊಳಗೆ ಸಿಕ್ಕಿಸಿ, ಪೆನ್ನು ತೂರಿಸಿ ಸುತ್ತತೊಡಗಿದ. ಹುಡುಗನಾಗಿದ್ದಾಗ ಚೆನ್ನಾಗಿ ಬರುತ್ತಿದ್ದ ಕೆಲಸ. ಈಗ ಟೇಪು ತಿರುಚಿಕೊಂಡಿತ್ತು. ಎರಡು ಮಾರು ಸುತ್ತುವುದಕ್ಕೆ ಕಾಲು ಗಂಟೆ ಹಿಡಿಯಿತು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಊಟಕ್ಕೆ ಕೂತಿರಬೇಕು.

ಟೇಪು ಸಡಿಲವಾಗಿ ಹೂಗಳ ಮೇಲೆ ಬಿದ್ದ ಮೇಲೆ ಆ ಸಾಲಿನ ಸದ್ದು ನಿಂತಿತು. ಮಂಚದ ಮೇಲೆ ದೊಡ್ಡಗಂಗಮ್ಮ ತಲೆಯೆತ್ತಿದಳು.

ಮೊದಲು ಬಂದದ್ದು ಎರಡೇ ಗಿಣಿ. ಆಮೇಲೆ ನೀಲಗಿರಿ ತೋಪೇ ಎದ್ದು ಬಂದ ಹಾಗೆ ಬಂದವು. ಆಂಜಿನಪ್ಪ ತಟ್ಟೆ ಬಡಿಯುತ್ತಾ, “ಹೋ! ಹೋ! ನಿಮ್ ವಂಶ ಹಾಳಾಗ!” ಎಂದು ಬದುವಿನುದ್ದಕ್ಕೂ ಓಡಿದ. ಪ್ರಹ್ಲಾದ ಗಾಬರಿಯಾಗಿ ಟೇಪನ್ನು ಎಳೆದು ಬಿಗಿ ಹಿಡಿದ. ಅದು ಅವನ ಬೆರಳುಗಳ ನಡುವೆ ನಡುಗಿ, ಮತ್ತೆ ಗುಂಯ್ ಎಂದಿತು. ಗಿಣಿಗಳು ಒಟ್ಟಿಗೆ ಮೇಲೆದ್ದವು.

“ಹಂಗೇ ಹಿಡ್ಕಳಿ ಸಾಮಿ!” ಆಂಜಿನಪ್ಪ ಏದುಸಿರು ಬಿಡುತ್ತಾ ಕೂಗಿದ. ಅವನು ಓಡಿದ ರಭಸಕ್ಕೆ ಕಾಲು ತಾಗಿ ಈ ಕಡೆಯ ಗೂಟ ಮುರಿದು ಬಿದ್ದಿತ್ತು. “ಬಿಡ್ಬೇಡಿ! ಗೂಟ ಕಡ್ಕೊಂಡು ಬತ್ತೀನಿ, ಅಷ್ಟೊತ್ತು ಹಂಗೇ ನಿಂತಿರಿ!”

ಕತ್ತಿ ಹಿಡಿದು ತೋಪಿನ ಕಡೆಗೆ ಹೋದ.

ಪ್ರಹ್ಲಾದ ಎರಡೂ ಕೈಯನ್ನು ಭುಜದೆತ್ತರಕ್ಕೆ ಚಾಚಿ ಟೇಪು ಹಿಡಿದು ನಿಂತ. ಸಡಿಲ ಬಿಟ್ಟರೆ ಸದ್ದು ನಿಲ್ಲುತ್ತಿತ್ತು, ಗಿಣಿ ಇಳಿಯುತ್ತಿದ್ದವು. ಹಿಡಿದರೆ ಸುತ್ತುವಂತಿರಲಿಲ್ಲ. ನಡುಕ ಬೆರಳಿನಿಂದ ಮೊಣಕೈಗೆ, ಅಲ್ಲಿಂದ ದವಡೆಗೆ ಬಂತು. ಬಹುಶಃ ಮೂವತ್ತೊಂದು ಇದೇ ಇರಬೇಕು ಅಂದುಕೊಂಡ. ಅಂದುಕೊಂಡ ಕೂಡಲೇ ಅವನಿಗೆ ಇನ್ನೊಂದು ನೆನಪಾಯಿತು.

ಬಿ.ಎ. ಎರಡನೆಯ ವರ್ಷದಲ್ಲಿ, ಇಂಗ್ಲಿಷ್ ವಾರ್ತೆ ರೆಕಾರ್ಡ್ ಮಾಡಿಕೊಂಡು ಉಚ್ಚಾರಣೆ ಕಲಿಯಬೇಕು, ಒಂದು ಖಾಲಿ ಕ್ಯಾಸೆಟ್ ತನ್ನಿ ಎಂದು ಅಪ್ಪನನ್ನು ಕೇಳಿದ್ದ. ನೋಡ್ತೀನಿ ಎಂದಿದ್ದರು. ತಂದುಕೊಡಲಿಲ್ಲ. ಅವನೂ ಮತ್ತೆ ಕೇಳಲಿಲ್ಲ. ತಂದಿಟ್ಟು ಮರೆತಿದ್ದರೆ? ಪಟ್ಟಿಗೆ ಹತ್ತಿಸಿ, ಮುಂದೆ ಹೆಸರು ಬರೆದು, ಶನಿವಾರ ಬಂದಾಗ ಕೇಳುತ್ತಾನೆಂದು ಕಾದಿದ್ದರೆ? ಹಾಗಿದ್ದರೆ ಮೂವತ್ತೊಂದರಲ್ಲಿ ಹಾಡೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಖಾಲಿ ಟೇಪಾದರೂ ಗಾಳಿಗೆ ಹೀಗೇ ಕೂಗುತ್ತದೆ.

ಅಳು ಬರಬಹುದೆಂದು ಕಾದ. ಕೈ ನೋಯತೊಡಗಿತು.

ದೂರದಲ್ಲಿ ಕಾರು ಕಾಣಿಸುತ್ತಿತ್ತು. ಅದರೊಳಗೆ ರೆಕಾರ್ಡರ್ ಬೆಲ್ಟ್ ಹಾಕಿಕೊಂಡು ಕೂತಿತ್ತು. ಆಂಜಿನಪ್ಪ ಕಾಣಿಸಲಿಲ್ಲ. ಕೂಗೋಣವೆಂದರೆ ಗಾಳಿ ಎದುರಿಗಿತ್ತು.

ಒಂದು ಗಿಣಿ ಬಂದು ಅವನ ಕೈಗೆಟುಕುವಷ್ಟು ಹತ್ತಿರದ ಹೂವಿನ ಮೇಲೆ ಕೂತಿತು. ಕತ್ತು ಓರೆ ಮಾಡಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಅವನು ಅಲ್ಲಾಡಲಿಲ್ಲ. ಅದು ಬಗ್ಗಿ ಒಂದು ಕಾಳನ್ನು ಕಿತ್ತು, ಸಿಪ್ಪೆ ಉಗಿದು, ಇನ್ನೊಂದಕ್ಕೆ ಬಾಯಿ ಹಾಕಿತು.